ಒಕ್ಕೂಟ

‘ಒಂದು’ ಮತ್ತು ‘ಕೂಟ’ ಸೇರಿ ಆದ ಪದ. ಒಗ್ಗಟ್ಟು, ಒಮ್ಮನ ಎಂಬ ಪದಗಳ ನೆಂಟ. ಹಾಲು ಒಕ್ಕೂಟ, ಒಕ್ಕೂಟ ಸರ್ಕಾರ ಎಂದು ದಿನವೂ ಬಳಸುತ್ತೇವೆ. ‘ವಿಕೇಂದ್ರೀಕೃತ ಸಾಮಾಜಿಕ ಜಾಲತಾಣ’ ಎಂಬ ಉದ್ದನೆಯ ಹೆಸರಿಗೂ ಇದೇ ಸರಿಹೊಂದುವ ಪದ.

ಬೆಂಗಳೂರಿನ ಹಲಸೂರಿನ ಸೋಮೇಶ್ವರ ಜಾತ್ರೆಯ ರಾತ್ರಿಯನ್ನು ನೆನೆಯಿರಿ. ಸುತ್ತಲಿನ ಗುಡಿಗಳಿಂದ ಹೂವಿನ ಪಲ್ಲಕ್ಕಿಗಳು ಬರುತ್ತವೆ. ದೇವರು ಬೇರೆ, ಹೊರುವವರು ಬೇರೆ. ಬೀದಿ ಮಾತ್ರ ಒಂದೇ. 2016ರಲ್ಲಿ ಶುರುವಾದ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣ ಕೂಡ ಹೀಗೆಯೇ. ಅಲ್ಲಿ ಒಡೆಯನೊಬ್ಬನಿಲ್ಲ, ಸಾವಿರಾರು ಸರ್ವರುಗಳಿವೆ. ಒಂದೊಂದಕ್ಕೂ ಅದರದೇ ನಿಯಮ, ಅದರದೇ ಮೇಲ್ವಿಚಾರಕರು. ಅವನ್ನು ಬೆಸೆಯುವ ಬೀದಿ ಆಕ್ಟಿವಿಟಿಪಬ್ ಎಂಬ ಒಪ್ಪಂದ. 2018ರಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡವಾಯಿತು. ಇಮೇಲಿನಂತೆ ನಿಮ್ಮ ವಿಳಾಸದಲ್ಲಿ ಹೆಸರೂ ಇರುತ್ತದೆ, ಸರ್ವರಿನ ಹೆಸರೂ ಇರುತ್ತದೆ. ನಿಯಮ ಹಿಡಿಸದಿದ್ದರೆ ಹಿಂಬಾಲಕರೊಂದಿಗೆ ಇನ್ನೊಂದು ಸರ್ವರಿಗೆ ಹೋಗಬಹುದು. ಹಳೆಯ ಬರಹಗಳು ಮಾತ್ರ ಹಿಂದೆಯೇ ಉಳಿಯುತ್ತವೆ, ಅದು ಇನ್ನೂ ತೀರದ ಕೊರತೆ.

ಇದಕ್ಕೆ ಬದಲಾಗಿ, ಬೆಂಗಳೂರಿನದೇ ಆದ ‘ಕೂ’ ಎಂಬ ಜಾಲತಾಣ ಒಂದೇ ಕಂಪನಿಯ ಕೈಯಲ್ಲಿತ್ತು. ಕನ್ನಡಕ್ಕೆ ಅಷ್ಟು ಅಕ್ಕರೆಯಿಂದ ಜಾಗ ಕೊಟ್ಟಿದ್ದ ಆ ತಾಣ 2024ರ ಜುಲೈನಲ್ಲಿ ಬಾಗಿಲು ಹಾಕಿದಾಗ ಅಲ್ಲಿನ ಕನ್ನಡಿಗರಿಗೆ ಬಳಗದ ಸಮೇತ ಹೋಗಲು ಪಕ್ಕದ ಮನೆ ಇರಲಿಲ್ಲ.