ಬ್ರಿಯಾರ್ಡ್ ನಾಯಿಮರಿ ಕಂಡ ಬೆಳಕು
ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನೇತ್ರ ಸಂಶೋಧನೆ, ಫಿಲಡೆಲ್ಫಿಯಾ

ಲ್ಯಾನ್ಸ್‌ಲಾಟ್ ಹುಟ್ಟುಗುರುಡು ನಾಯಿ. ಜೂಲುಗೂದಲ ಬ್ರಿಯಾರ್ಡ್ ತಳಿಯದು. ಅದರ ಅಕ್ಷಿಪಟದಲ್ಲಿ ಆರ್‌ಪಿಇ65 ಎಂಬ ಒಂದೇ ಜೀನು ಕೆಟ್ಟಿತ್ತು. ಬೆಳಕು ಬಿದ್ದಾಗ ಖರ್ಚಾಗುವ ಎ ಜೀವಸತ್ವದ ರೂಪವನ್ನು ಮತ್ತೆ ಸಿದ್ಧಪಡಿಸಿಕೊಡುವುದು ಈ ಜೀನಿನ ಕೆಲಸ. ಅದು ನಿಂತರೆ, ಜೀವಕೋಶಗಳು ಇದ್ದರೂ ಕಣ್ಣು ಕತ್ತಲೆ.

ರೋಗ ತಾರದ ವೈರಾಣುವೊಂದರ ಒಳಗೆ ಸರಿಯಾದ ಜೀನನ್ನಿಟ್ಟು ಲ್ಯಾನ್ಸ್‌ಲಾಟ್ ಹಾಗೂ ಅದರಂಥ ನಾಯಿಗಳ ಒಂದು ಕಣ್ಣಿನ ಅಕ್ಷಿಪಟದ ಅಡಿಗೆ ಚುಚ್ಚಲಾಯಿತು. ಕಾರ್ನೆಲ್, ಫ್ಲಾರಿಡಾ ವಿಶ್ವವಿದ್ಯಾಲಯಗಳ ಜೊತೆಗೂಡಿ ನಡೆಸಿದ ಈ ಪ್ರಯೋಗದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಾದ ಕಣ್ಣಿನ ಕಡೆಯ ಅಡ್ಡಿಗಳನ್ನು ನಾಯಿಗಳು ತಪ್ಪಿಸಿ ನಡೆದವು, ಇನ್ನೊಂದು ಬದಿಯಲ್ಲಿ ಮಾತ್ರ ಮೊದಲಿನಂತೆಯೇ ಡಿಕ್ಕಿ! ಇದಕ್ಕಿಂತ ಸರಳ ಸಾಕ್ಷಿ ಬೇಕೆ?

ಮನುಷ್ಯರಲ್ಲಿ ಇದೇ ಜೀನು ಕೆಟ್ಟರೆ ಬರುವುದು ಲೀಬರ್ ಜನ್ಮಜಾತ ಅಂಧತ್ವದ ಒಂದು ಬಗೆ. ಸಂಶೋಧಕಿ ಜೀನ್ ಬೆನೆಟ್, ಅವರ ಪತಿ ಶಸ್ತ್ರವೈದ್ಯ ಆಲ್ಬರ್ಟ್ ಮ್ಯಾಗ್ವೈರ್ ಮತ್ತು ಸಂಗಡಿಗರು 2007ರಲ್ಲಿ ಮನುಷ್ಯರ ಮೇಲೆ ಪ್ರಯೋಗ ಆರಂಭಿಸಿದರು. ಮುಂದೆ ದೃಷ್ಟಿಗೆ ಅಳತೆಗೋಲಾದದ್ದು ಬರೀ ಅಕ್ಷರಪಟ್ಟಿಯಲ್ಲ, ನೆಲದ ಬಾಣಗಳನ್ನು ಹಿಡಿದು ಅಡ್ಡಿಗಳ ನಡುವೆ ನಡೆಯುವ ಹಾದಿ. ಅಲ್ಲಿ ಬೆಳಕನ್ನು 400 ಲಕ್ಸ್‌ನಿಂದ 1 ಲಕ್ಸ್‌ವರೆಗೆ ಇಳಿಸುತ್ತಿದ್ದರು.

2017ರ ಡಿಸೆಂಬರಿನಲ್ಲಿ ಅಮೆರಿಕ ಈ ಜೀನು ಸಾಗಿಸುವ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಹೆಸರು ಲಕ್ಸ್‌ಟರ್ನಾ. ಒಂದು ಕಣ್ಣಿಗೆ 0.3 ಮಿಲಿಲೀಟರ್. ಎರಡೂ ಕಣ್ಣಿಗೆ 2018ರಲ್ಲಿ ನಿಗದಿಯಾದ ಬೆಲೆ 8,50,000 ಡಾಲರ್. ಓದುವಾಗ ಸೊನ್ನೆ ತಪ್ಪಿಲ್ಲ.

ಪ್ರಯೋಗದ ಎರಡು ಬ್ರಿಯಾರ್ಡ್‌ಗಳು, ವೀನಸ್ ಮತ್ತು ಮರ್ಕ್ಯುರಿ, ಬೆನೆಟ್ ದಂಪತಿಯ ಮನೆಯ ಸಾಕುನಾಯಿಗಳಾದವು.