ಒಂದು ಸೆಂಟೂ ಅಲ್ಲದ ಬಿಲ್ಲೆ

ಚಿಲ್ಲರೆ ಇಲ್ಲದಿದ್ದರೆ ನಮ್ಮೂರ ಅಂಗಡಿಯವರು ಪೆಪ್ಪರ್‌ಮೆಂಟು ಕೊಡ್ತಿದ್ರು. ಅದೇ ಪೆಪ್ಪರ್‌ಮೆಂಟನ್ನು ಮರುದಿನ ನಾವು ಕೊಟ್ಟರೆ ತಗೊಳ್ತಿರಲಿಲ್ಲ! ನನ್ನ ಸಂಗ್ರಹದಲ್ಲಿರುವ 1837ರ ಅಮೆರಿಕದ ತಾಮ್ರದ ಬಿಲ್ಲೆ ನೋಡಿದಾಗೆಲ್ಲ ಇದು ನೆನಪಾಗುತ್ತೆ. ಅದೂ ಅಂಗಡಿ ಚಿಲ್ಲರೆಯೇ. ಆದರೆ ಅದನ್ನು ವಾಪಸ್ ತಗೊಳ್ತಿದ್ರು.

ಕಥೆ ಹೀಗಿದೆ. 1836ರ ಜುಲೈನಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಒಂದು ಆದೇಶ ಹೊರಡಿಸಿದ: ಸರ್ಕಾರಿ ಜಮೀನು ಬೇಕಾದರೆ ಚಿನ್ನ, ಬೆಳ್ಳಿಯನ್ನೇ ಕೊಡಿ. ಖಾಸಗಿ ಬ್ಯಾಂಕುಗಳ ನೋಟಿನ ಮೇಲೆ ಜನರಿಗಿದ್ದ ನಂಬಿಕೆ ಸಡಿಲವಾಯ್ತು. ಅತ್ತ ಇಂಗ್ಲೆಂಡಿನಲ್ಲಿ ಸಾಲ ಬಿಗಿಯಾಯ್ತು, ಹತ್ತಿಯ ಬೆಲೆ ಬಿತ್ತು. 1837ರ ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಚಿನ್ನ, ಬೆಳ್ಳಿ ಕೊಡುವುದನ್ನೇ ನಿಲ್ಲಿಸಿಬಿಟ್ಟವು. ಜನ ನಾಣ್ಯಗಳನ್ನು ಬಚ್ಚಿಟ್ಟರು. ಪೇಟೆಯಲ್ಲಿ ಚಿಲ್ಲರೆ ಮಾಯ.

ಆಗ ವ್ಯಾಪಾರಿಗಳು, ಲೋಹದ ಕಾರ್ಖಾನೆಯವರು ಸೆಂಟಿನ ಗಾತ್ರದ ಬಿಲ್ಲೆಗಳನ್ನು ತಾವೇ ಅಚ್ಚು ಹಾಕಿದರು. ಖೋಟಾ ನಾಣ್ಯದ ಕೇಸ್ ಆಗಬಾರದಲ್ಲ? ನನ್ನ ಬಿಲ್ಲೆಯಲ್ಲಿ ಎಲೆಹಾರದ ನಡುವೆ ‘ಒಂದು ಸೆಂಟ್’ ಅಂತ ದಪ್ಪಕ್ಷರದಲ್ಲಿದೆ. ಮೇಲೆ ಕೆಳಗೆ ಸಣ್ಣಕ್ಷರವೂ ಸೇರಿಸಿ ಓದಿದರೆ, ‘ರಕ್ಷಣೆಗೆ ಲಕ್ಷಾಂತರ, ಕಪ್ಪಕ್ಕೆ ಒಂದು ಸೆಂಟೂ ಇಲ್ಲ’ ಎಂಬ ಹಳೇ ಘೋಷಣೆ! ಸೆಂಟ್ ಅಂತಲೂ ಹೇಳುತ್ತೆ, ಅಲ್ಲ ಅಂತಲೂ ಹೇಳುತ್ತೆ.

ಕೆಲವು ಬಿಲ್ಲೆಗಳಲ್ಲಿ ಅಂಗಡಿಯ ಜಾಹೀರಾತು, ಕೆಲವುಗಳಲ್ಲಿ ರಾಜಕೀಯದ ಗೇಲಿ. ಜಾಕ್ಸನ್ ನಂತರ ಬಂದ ವ್ಯಾನ್ ಬ್ಯೂರೆನ್, ತಾನು ಹಿಂದಿನವನ ಹಾದಿಯಲ್ಲೇ ನಡೆಯುತ್ತೇನೆ ಅಂದಿದ್ದ. ಆ ಮಾತಿನ ಜೊತೆ ಕತ್ತೆಯ ಚಿತ್ರ ಅಚ್ಚಾಯ್ತು. 1838ರ ಇನ್ನೊಂದರಲ್ಲಿ ಸಂಕೋಲೆ ತೊಟ್ಟು ಮಂಡಿಯೂರಿದ ಕಪ್ಪು ಹೆಣ್ಣು: ‘ನಾನು ಹೆಣ್ಣಲ್ಲವೇ, ಸೋದರಿಯಲ್ಲವೇ?’ ಗುಲಾಮಗಿರಿಯ ವಿರೋಧಿಗಳು ಪ್ರಶ್ನೆಯನ್ನು ಜನರ ಜೇಬಿಗೇ ಇಳಿಸಿದ್ದರು.

ಸಂಗ್ರಾಹಕರು ಇಂದಿಗೂ ಲೈಮನ್ ಲೋ 1899ರಲ್ಲಿ ಪ್ರಕಟಿಸಿದ ಪಟ್ಟಿಯ ಸಂಖ್ಯೆ ಹಿಡಿದು ಇವನ್ನು ಹುಡುಕುತ್ತಾರೆ. ಸವೆಯದ, ಹೊಳೆಯುವ ಬಿಲ್ಲೆಗೇ ಹೆಚ್ಚು ಬೆಲೆ. ನಾನೂ ಮೊದಲು ಅಂಥದ್ದನ್ನೇ ಹುಡುಕಿದೆ. ಜೇಬಿಗೆ ನಿಲುಕಲಿಲ್ಲ. ಕೊನೆಗೆ ಅಕ್ಷರ ಅರ್ಧ ಅಳಿಸಿದ್ದು ಸಿಕ್ಕಿತು.

ಈಗ ಬದಲಾಯಿಸಿಕೊಳ್ಳೋಣ ಅಂದರೂ ಮನಸ್ಸಿಲ್ಲ. ಹೊಳೆಯುವ ಬಿಲ್ಲೆ ಯಾರದೋ ಪೆಟ್ಟಿಗೆಯಲ್ಲೇ ಉಳಿದದ್ದು. ಸವೆದದ್ದು ಕೈಯಿಂದ ಕೈಗೆ ಹೋದದ್ದು. ಕಾನೂನಿನ ಬಲವಿಲ್ಲದ ತಾಮ್ರವನ್ನು ‘ಆಯ್ತು, ಕೊಡಿ’ ಅಂತ ಒಬ್ಬರಾದ ಮೇಲೆ ಒಬ್ಬರು ತಗೊಂಡಿದ್ದಾರೆ. ಬ್ಯಾಂಕು ಕೈಬಿಟ್ಟಾಗ ಪೇಟೆ ನಡೆಸಿದ್ದು ಆ ಮಾತೇ. ಸವೆತ ಅದರ ರಸೀದಿ.