ಸಸಿಮಡಿಯ ಮೇಲೊಂದು ಹೊದಿಕೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರ ಆಗಸ್ಟ್‌ವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ನ್ಯಾಮತಿ ಹೊನ್ನಾಳಿಯದೇ ಒಂದು ಹೋಬಳಿ, ಜಗಳೂರು ಚಿತ್ರದುರ್ಗದ್ದು. ನೆಲವೂ ಬೇರೆ ಬೇರೆ. ಅತ್ತ ಚನ್ನಗಿರಿ ಕಡೆ ಭದ್ರಾ ನಾಲೆ, ಸೂಳೆಕೆರೆ, ಅಡಿಕೆ ತೋಟ; ಇತ್ತ ಜಗಳೂರಿನಲ್ಲಿ ಮಳೆಯನ್ನೇ ನಂಬಿದ ಜೋಳ, ಮೆಕ್ಕೆಜೋಳ, ಈರುಳ್ಳಿ. ಆದರೆ ಟೊಮೆಟೊ, ಬದನೆ, ಮೆಣಸಿನ ಸಸಿ ಹಾಕಿದವರಿಗೆ ಮಾತ್ರ ಎಲ್ಲ ಕಡೆಯೂ ಒಂದೇ ಆತಂಕ: ನಾಟಿಗೆ ಬರುವ ತನಕ ಮಡಿಯನ್ನು ಹುಳದಿಂದ ಕಾಯುವುದು ಹೇಗೆ?

ಹಿಂದಿನವರು ಮಡಿಯನ್ನು ಬರಿದಾಗಿ ಬಿಡುತ್ತಿರಲಿಲ್ಲ. ಒಂದು ಗೇಣು ಎತ್ತರಕ್ಕೆ ಮಣ್ಣು ಏರಿಸಿ, ಬೆರಳಿನಿಂದ ಗೀರು ಎಳೆದು ಬೀಜ ಬಿಟ್ಟು, ತೆಳ್ಳಗೆ ಗೊಬ್ಬರ ಉದುರಿಸಿ, ಮೇಲೆ ಹುಲ್ಲು ಹೊದಿಸುತ್ತಿದ್ದರು. ಮೊಳಕೆ ತಲೆ ಎತ್ತಿದ ಸಂಜೆ ಹುಲ್ಲು ತೆಗೆಯಬೇಕು. ಒಂದು ದಿನ ತಡವಾದರೂ ಸಸಿ ಬಿಳಿಚಿಕೊಂಡು ಬಳುಕುತ್ತದೆ. ಆಮೇಲಿನ ಕಾವಲು ಒಲೆಯ ಬೂದಿಯದು. ಇಬ್ಬನಿ ಆರುವ ಮುಂಚೆ ಎರಚಿದರೆ ಅದು ಎಲೆಗೆ ಅಂಟಿ, ಎಲೆ ತಿನ್ನುವ ಹುಳಕ್ಕೆ ಬಾಯಿ ಹಾಕಲು ಬಿಡುತ್ತಿರಲಿಲ್ಲ. ಹುಲ್ಲು ತೇವ ಕಾಯುತ್ತಿತ್ತು, ಬೂದಿ ಎಲೆ ಕಾಯುತ್ತಿತ್ತು.

ಬೆಳೆಗೆ ಹೊದಿಕೆ ಕಟ್ಟುವ ಕಲೆ ಹಳೆಯ ಶಿವಮೊಗ್ಗ ಸೀಮೆಗೆ ಹೊಸದಾಗಿರಲಿಲ್ಲ. ಮಳೆ ಜೋರಾಗಿರುವ ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊನೆಗೆ ಕೊಳೆ ಬಾರದಿರಲೆಂದು ‘ಕೊಟ್ಟೆ’ ಕಟ್ಟುತ್ತಿದ್ದರು. ಅಡಿಕೆ ಹಾಳೆಯೋ ಕರಡದ ಹುಲ್ಲೋ ಹೆಣೆದ ಆ ಕೊಡೆ ಮಳೆನೀರನ್ನು ಕೊನೆಗೆ ತಾಗಲು ಬಿಡುತ್ತಿರಲಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ, 1910ರ ವರದಿಯ ಹೊತ್ತಿಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಅಡಿಕೆಗೆ ಅದು ದೊಡ್ಡ ಉಪಕಾರ. ಶತಮಾನ ಕಳೆದರೂ ಬೆಳೆಗಾರರು ಅದನ್ನೇ ಸಿಂಪಡಿಸುತ್ತಾರೆ. ಆದರೆ ಕಾಲ ಕಳೆದಂತೆ ಸಿಂಪಡಣೆಯೇ ಎಲ್ಲಕ್ಕೂ ಮದ್ದು ಎಂಬ ಅಭ್ಯಾಸ ತರಕಾರಿ ಹೊಲಕ್ಕೂ ಬಂದಿತು. ಹೊದಿಕೆಯ ಮಾತು ಹಿಂದೆ ಬಿದ್ದಿತು.

ಸಿಂಪಡಣೆ ಸೋತದ್ದು ಬಿಳಿ ನೊಣದ ಎದುರು. ಒಂದು ಮಿಲಿಮೀಟರ್ ಆಸುಪಾಸಿನ ಈ ಕೀಟ ಎಲೆಯ ಅಡಿಯಲ್ಲಿ ಕೂತು ರಸ ಹೀರುವಾಗಲೇ ಟೊಮೆಟೊಗೆ ಎಲೆ ಮುಟುರು ರೋಗದ ವೈರಸ್ ದಾಟಿಸುತ್ತದೆ. ಔಷಧಿಗೆ ನೊಣ ಸಾಯಬಹುದು, ಆದರೆ ಗಿಡದೊಳಗೆ ಸೇರಿದ ವೈರಸ್ಸಿಗೆ ಮದ್ದಿಲ್ಲ. ಮಡಿಯಲ್ಲೇ ಸೋಂಕು ತಗುಲಿದ ಸಸಿ ಕುಳ್ಳಾಗಿ, ಎಲೆ ಸುರುಟಿ, ಕಾಯಿ ಕೊಡದೆ ನಿಲ್ಲುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ವಿ. ಮುನಿಯಪ್ಪ ಮತ್ತು ಸಂಗಡಿಗರು ಈ ರೋಗದ ಬೆನ್ನು ಹತ್ತಿ ವರ್ಷಗಟ್ಟಲೆ ದುಡಿದರು. ಸಂಕ್ರಾಂತಿ, ನಂದಿ, ವೈಭವ್ ಎಂಬ ನಿರೋಧಕ ತಳಿಗಳು ಆ ದುಡಿಮೆಯ ಫಲ. ತಳಿಯ ಜೊತೆಗೇ ಬಂದ ಇನ್ನೊಂದು ಸಲಹೆ ಸರಳವಾದದ್ದು: ಮಡಿಗೆ ನೈಲಾನ್ ಪರದೆ ಹಾಕಿ.

ಪರದೆಯ ಯೋಚನೆ ಹೊಸದೇನಲ್ಲ. ಎಲೆಕೋಸಿನ ಸಸಿಗೆ ನೊಣ ಮೊಟ್ಟೆ ಇಡದಂತೆ ಮಡಿಯ ಮೇಲೆ ತೆಳು ಬಟ್ಟೆ ಬಿಗಿಯುವುದನ್ನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಜ್ಞಾನಿಗಳು ಕೋಲ್ಮನ್ನರ ಕಾಲದಲ್ಲೇ ಪರೀಕ್ಷಿಸಿದ್ದರು. ಇಸ್ರೇಲಿನ ಟೊಮೆಟೊ ಬೆಳೆಗಾರರು 1990ರ ದಶಕದಲ್ಲಿ ಬಿಳಿ ನೊಣ ನುಸುಳದ ಪರದೆಗಳಿಗೆ ಮೊರೆಹೋದರು. ನಮ್ಮಲ್ಲಿ ಅದು ಬಿದಿರ ಸೀಳನ್ನು ಬಿಲ್ಲಿನಂತೆ ಬಗ್ಗಿಸಿ, ಮೇಲೆ 40ರಿಂದ 50 ಮೆಶ್‌ನ ಬಿಳಿ ಪರದೆ ಎಳೆದು, ನಾಲ್ಕೂ ಅಂಚಿಗೆ ಮಣ್ಣು ಒತ್ತುವ ಕೆಲಸವಾಯಿತು. 40 ಮೆಶ್ ಎಂದರೆ ಒಂದು ಅಂಗುಲ ಉದ್ದಕ್ಕೆ 40 ಕಣ್ಣು. ಬಿಳಿ ನೊಣಕ್ಕೆ ಅದು ಗೋಡೆ. ಅದಕ್ಕಿಂತ ಸಣ್ಣಗಿರುವ ಥ್ರಿಪ್ಸ್ ನುಸಿ ನುಸುಳಬಲ್ಲದು. ಹಾಗಾಗಿ ಮೆಣಸಿನ ಸಸಿಗೆ ಪರದೆಯೊಂದೇ ಸಾಲದು. ಹಳೆ ಸೀರೆ ಹೊದಿಸಿದರೆ ನೆರಳಾಗುತ್ತದೆ, ಆದರೆ ಗಾಳಿ ಬೆಳಕು ಕಡಿಮೆಯಾಗಿ ಸಸಿ ಸೊರಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಹೊದಿಕೆ ಮಡಿಯಿಂದ ಹೊಲಕ್ಕೂ ಇಳಿದಿದೆ. ‘ಕ್ರಾಪ್ ಕವರ್’ ಎಂಬ ಹಗುರ ಬಿಳಿ ಬಟ್ಟೆಯನ್ನು ಕಲ್ಲಂಗಡಿ, ಮೆಣಸಿನ ಸಾಲಿನ ಮೇಲೆ ಮೊದಲ ಮೂರು ನಾಲ್ಕು ವಾರ ಹೊದಿಸುತ್ತಾರೆ. ಕಲ್ಲಂಗಡಿ ಹೂ ಬಿಡುತ್ತಲೇ ಅದನ್ನು ತೆಗೆಯಲೇಬೇಕು. ಜೇನ್ನೊಣ ಒಳಗೆ ಬಾರದಿದ್ದರೆ ಹೂವು ಕಾಯಾಗುವುದಿಲ್ಲ.

ಸಹಾಯಧನದ ಮಾತು ಬಂದಾಗ ಪಾಲಿಹೌಸ್, ನೆರಳುಮನೆಯ ಹೆಸರೇ ಮೊದಲು ಕೇಳುತ್ತದೆ. ಜಗಳೂರಿನ ಅರ್ಧ ಎಕರೆ ಟೊಮೆಟೊದವರಿಗೆ ಬೇಕಿರುವುದು ಎರಡು ಮಡಿಗಾಗುವಷ್ಟು ಪರದೆ, ಅದನ್ನು ಕಟ್ಟುವುದನ್ನು ಹೊಲದಲ್ಲೇ ತೋರಿಸುವ ಒಬ್ಬರು. ಈ ಸಲ ಸಸಿ ಹಾಕುವವರು ಬೀಜ ಬಿತ್ತಿದ ದಿನವೇ ಪರದೆ ಎಳೆಯಲಿ. ಎಲೆ ಬಂದ ಮೇಲೆ ಎಳೆದರೆ ಬಿಳಿ ನೊಣ ಅಷ್ಟರಲ್ಲೇ ಒಳಗೆ ಸೇರಿರುತ್ತದೆ.